ಎರಡೂ ಕೈ ಜೋಮು ಹಿಡಿಯೋದನ್ನೂ ಸೇರಿಸಿ

ಡಾಕ್ಟ್ರೇ, ಅಮೈಲಾಯ್ಡೋಸಿಸ್, ಅಂದರೆ ಆಕಾರ ಕೆಟ್ಟ ಪ್ರೊಟೀನು ಅಂಗಾಂಗಗಳಲ್ಲಿ ಕೂತುಬಿಡುವ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಲೇಖನ ಬರೆದಿದ್ದಕ್ಕೆ ತುಂಬಾ ಧನ್ಯವಾದ. ಕಾಲು ಊತ, ಏದುಸಿರು, ನೊರೆ ಮೂತ್ರ ಎಲ್ಲಾ ಹೇಳಿದ್ದೀರಿ. ಕೈ ಜೋಮಿನ ವಿಷಯ ಮಾತ್ರ ಬಿಟ್ಟುಹೋಗಿದೆ.

ನಮ್ಮ ದೊಡ್ಡಪ್ಪನಿಗೆ ಕೈ ಜೋಮಿಗೆ ಎರಡೂ ಕೈಗೆ ಕಾರ್ಪಲ್ ಟನಲ್ ಆಪರೇಷನ್ (ಮಣಿಕಟ್ಟಿನಲ್ಲಿ ಒತ್ತಿಹೋದ ನರ ಬಿಡಿಸೋದು) ಆಗಿತ್ತು. ಅದಕ್ಕೂ ಮುಂಚೆ ಅಂಗಿ ಗುಂಡಿ ಹಾಕೋಕೂ ದೊಡ್ಡಮ್ಮನೇ ಬೇಕಿತ್ತು. ಆರು ವರ್ಷ ಬಿಟ್ಟು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟೋಕೆ ಶುರುವಾಯ್ತು. ಎಕೋದಲ್ಲಿ ಹೃದಯದ ಗೋಡೆ ದಪ್ಪ ಅಂತ ಬಂತು. ಬಿಪಿಯಿಂದ ಅಂದರು. ಆದರೆ ಅವರಿಗೆ ಬಿಪಿ ಯಾವತ್ತೂ ಜಾಸ್ತಿ ಇರಲೇ ಇಲ್ಲ, ಎದ್ದು ನಿಂತರೆ ಇನ್ನೂ ಇಳಿದು ತಲೆ ತಿರುಗುತ್ತಿತ್ತು. ಗೋಡೆ ಅಷ್ಟು ದಪ್ಪ ಇದ್ದರೂ ಇಸಿಜಿಯ ಗೆರೆಗಳು ಮಾತ್ರ ಚಿಕ್ಕಚಿಕ್ಕವು. ಎರಡನೇ ಡಾಕ್ಟರಿಗೆ ಅನುಮಾನ ಬಂದಿದ್ದೇ ಅಲ್ಲಿ. ಲೈಟ್ ಚೈನ್ ಅನ್ನೋ ಪ್ರೊಟೀನಿನ ಪರೀಕ್ಷೆ ನಾರ್ಮಲ್. ಪಿವೈಪಿ ಅನ್ನೋ ನ್ಯೂಕ್ಲಿಯರ್ ಸ್ಕ್ಯಾನಿನಲ್ಲಿ ಹೃದಯ ಹೊಳೆಯಿತು. ಲಿವರ್ ತಯಾರಿಸುವ ಟ್ರಾನ್ಸ್‌ಥೈರೆಟಿನ್ ಅನ್ನೋ ಪ್ರೊಟೀನು ಆಕಾರ ಕೆಟ್ಟು ಹೃದಯದಲ್ಲಿ ಕೂತುಬಿಟ್ಟಿತ್ತು.

ಬರೀ ಸ್ಕ್ಯಾನ್ ನಂಬಬೇಡಿ, ಲೈಟ್ ಚೈನ್ ಪರೀಕ್ಷೆ ಬೇಕೇ ಬೇಕು. ಎಎಲ್ ಬಗೆಯಲ್ಲೂ, ಅಂದರೆ ಲೈಟ್ ಚೈನ್ ಕೂತುಬಿಡುವ ಬಗೆಯಲ್ಲೂ, ಕೆಲವೊಮ್ಮೆ ಸ್ಕ್ಯಾನ್ ಪಾಸಿಟಿವ್ ಬರುತ್ತದೆ. ಎಎಲ್ ಬಗೆಗಾದರೆ ಕೀಮೋ ಬೇಕು, ತಡ ಮಾಡುವ ಹಾಗೇ ಇಲ್ಲ.

ದೊಡ್ಡಪ್ಪನಿಗಿದ್ದ ಟ್ರಾನ್ಸ್‌ಥೈರೆಟಿನ್ ಬಗೆಯ ಕಾಯಿಲೆಗೆ ಟಫಾಮಿಡಿಸ್ ಇದೆ, 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಔಷಧಿ. ಆಗಲೇ ಕೂತಿದ್ದನ್ನು ಅದು ಕರಗಿಸೋದಿಲ್ಲ, ಕಾಯಿಲೆ ಮುಂದುವರಿಯೋದನ್ನು ನಿಧಾನ ಮಾಡುತ್ತದೆ ಅಷ್ಟೇ. ಕೈ ಜೋಮೇ ಈ ಕಾಯಿಲೆಯ ಮೊದಲ ಸುಳಿವು ಆಗಿರಬಹುದು ಅಂತ ಗೊತ್ತಾಗದೆ ಕಳೆದ ಆ ಆರು ವರ್ಷ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮುಂದಿನ ಲೇಖನದಲ್ಲಿ ಕೈ ಜೋಮಿನ ಬಗ್ಗೆ ಎರಡು ಸಾಲು ಬರೀರಿ ಡಾಕ್ಟ್ರೇ.