ಮುಖಕ್ಕೆ ಚುಚ್ಚಿಕೊಂಡದ್ದನ್ನು ಕೀಳಬೇಡಿ: ಒಂದು ಸ್ಪಷ್ಟನೆ

ಮಂಡ್ಯ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ. ಕಬ್ಬಿನ ಗದ್ದೆಯಲ್ಲೋ ಆಲೆಮನೆಯಲ್ಲೋ ಮುಖಕ್ಕೆ ಕಡ್ಡಿ, ಕಂಬಿ ಚುಚ್ಚಿಕೊಂಡರೆ ತಕ್ಷಣ ಕಿತ್ತು ಅರಿಶಿನ ಒತ್ತಬೇಕಂತೆ. ಇಲ್ಲದಿದ್ದರೆ ವಿಷ ಮಿದುಳಿಗೆ ಏರುತ್ತದಂತೆ. ಇದು ತಪ್ಪು, ಅಪಾಯ ಕೂಡ.

ಒಳಹೊಕ್ಕ ವಸ್ತು ಎಷ್ಟೋ ಸಲ ಹರಿದ ರಕ್ತನಾಳವನ್ನು ಬಿರಡೆಯಂತೆ ಮುಚ್ಚಿರುತ್ತದೆ. ಕಿತ್ತರೆ ರಕ್ತ ಚಿಮ್ಮಬಹುದು. ಕಣ್ಣುಗುಳಿಯ ಮೇಲ್ಭಾಗದ ಮೂಳೆ ತುಂಬಾ ತೆಳು, ಅದರಾಚೆಗೇ ಮಿದುಳು. ಹಾಗಾಗಿ ಹೊರಗೆ ಸಣ್ಣ ಗಾಯ ಕಂಡರೂ ಒಳಗೆ ತಲೆಬುರುಡೆಯ ತಳ ಒಡೆದಿರಬಹುದು. ಮೂಗಿನಿಂದ ತಿಳಿ ನೀರು ಸೋರಿದರೆ ಸುಮ್ನೆ ನೆಗಡಿ ಅಂದುಕೊಳ್ಳಬೇಡಿ. ಮಿದುಳಿನ ಸುತ್ತಲಿನ ದ್ರವ ಇರಬಹುದು. ಮೂಗು ಸೀಟುವುದು, ಹತ್ತಿ ತುರುಕುವುದು ಬೇಡ.

ಆಸ್ಪತ್ರೆಯಲ್ಲಿ ಮೊದಲು ಉಸಿರಿನ ದಾರಿ ನೋಡುತ್ತಾರೆ, ಆಮೇಲೆ ಸಿಟಿ ಸ್ಕ್ಯಾನ್. ರಕ್ತನಾಳದ ಅನುಮಾನವಿದ್ದರೆ ಆಂಜಿಯೋಗ್ರಾಂ. ಒಣ ಮರದ ಚೂರು ಸಿಟಿ ಸ್ಕ್ಯಾನ್‌ನಲ್ಲಿ ಗಾಳಿಯಂತೆ ಕಂಡುಬಿಡಬಹುದು. ಅದಕ್ಕೇ ಏನು ಚುಚ್ಚಿತು ಅಂತ ಹೇಳಿ, ಮುರಿದ ತುಂಡು ಸಿಕ್ಕಿದ್ದರೆ ಜೊತೆಗೇ ಒಯ್ಯಿರಿ. ಕಬ್ಬಿಣವಾದರೆ ಎಂಆರ್‌ಐ ಸ್ಕ್ಯಾನ್ ಮಾಡುವುದಿಲ್ಲ, ಆ ಯಂತ್ರದ ಆಯಸ್ಕಾಂತ ಅದನ್ನು ಅಲುಗಾಡಿಸಬಹುದು. ಕೀಳುವುದು ಆಪರೇಷನ್ ಥಿಯೇಟರಿನಲ್ಲಿ. ಮಿದುಳು, ಕಣ್ಣು, ಕಿವಿ-ಮೂಗು-ಗಂಟಲು, ದವಡೆಯ ಸರ್ಜನ್‌ಗಳು ಅಗತ್ಯಕ್ಕೆ ತಕ್ಕಂತೆ ಸೇರುತ್ತಾರೆ. ದ್ರವ ಸೋರುವ ತೂತನ್ನು ರೋಗಿಯದೇ ತೊಡೆಯ ಪೊರೆಯಿಂದ, ಕೆಲವೊಮ್ಮೆ ಮೂಗಿನೊಳಗಿಂದಲೇ ಎಂಡೋಸ್ಕೋಪ್ (ಕ್ಯಾಮೆರಾ ಇರುವ ಸಣ್ಣ ಕೊಳವೆ) ಹಾಕಿ, ಮುಚ್ಚುವುದುಂಟು.

ಅರಿಶಿನ ಸಾರಿಗಿರಲಿ. ಸೋಂಕಿಗೆ ಆಂಟಿಬಯೋಟಿಕ್, ಧನುರ್ವಾಯು ತಡೆಯುವ ಇಂಜೆಕ್ಷನ್ ಇವೆ. ಚುಚ್ಚಿದ್ದು ಅಲುಗದಂತೆ ಸುತ್ತ ಬಟ್ಟೆಯ ಆಸರೆ ಕೊಟ್ಟು 108ಕ್ಕೆ ಕರೆ ಮಾಡಿ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಎರಡೂ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳೇ.