ಗ್ರಾಂ ಲೆಕ್ಕದ ಚೀಟಿ

ಸಿಂಗಾಪುರ ನೋಡಲು ಬಂದ ನಮ್ಮವರಲ್ಲಿ ಯಾರಿಗಾದರೂ ಶೀತ ನಾಲ್ಕು ದಿನ ಬಿಡದೆ ಹಿಡಿದರೆ, ಚೈನಾಟೌನಿನಲ್ಲಿ 'ಮೆಡಿಕಲ್ ಹಾಲ್' ಎಂದು ಕರೆಯುವ ಚೀನೀ ಮದ್ದಂಗಡಿಗೆ ಹೋಗಿ ಚೀನೀ ಮದ್ದು ನೋಡೋಣ ಅನ್ನುವ ಆಸೆ ಹುಟ್ಟುತ್ತದೆ. ಅಲ್ಲಿನ ವೈದ್ಯರು ಬರೆದುಕೊಟ್ಟ ಚೀಟಿ ಕೈಗೆ ಬಂದಾಗ ಕನ್ನಡಿಗರ ಎದೆಯಲ್ಲಿ ಸಣ್ಣದೊಂದು ಮುಳ್ಳು ಚುಚ್ಚುತ್ತದೆ. ಬೇರು, ತೊಗಟೆ, ಹೂವು ಒಂದೊಂದರ ಹೆಸರೂ ಅಲ್ಲಿದೆ. ಪಕ್ಕದಲ್ಲಿ ಗ್ರಾಂ ಲೆಕ್ಕ, ಕೆಳಗೆ ಎಷ್ಟು ದಿನದ ಮದ್ದು ಎಂಬುದು. ಅದನ್ನು ಬೇರೆ ಅಂಗಡಿಗೆ ಒಯ್ದರೂ ಅದೇ ಮದ್ದು ಕಟ್ಟಿಕೊಡುತ್ತಾರೆ.

ನಮ್ಮೂರಲ್ಲಿ ಕಾಮಾಲೆಗೆ ಮದ್ದು ಕೊಡುವ ಮನೆಗೆ ಹೋಗಿ, ಇದರಲ್ಲಿ ಏನೇನು ಹಾಕಿದ್ದೀರಿ ಎಂದು ಕೇಳಿ ನೋಡಿ. "ಹೇಳಿದ್ರೆ ಮದ್ದಿನ ಗುಣ ಹೋಗ್ತದೆ" ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ಮೊದಲ ಸಲ ಹೋಗುವವರು ಗಮನಿಸಬೇಕಾದ ಒಂದು ಸಂಗತಿ ಬೆಳಗಿನ ಬಚ್ಚಲಲ್ಲೇ ಶುರುವಾಗುತ್ತದೆ. ಅವತ್ತು ನಾಲಿಗೆ ಹೆರೆಯಬಾರದು. ನಾಲಿಗೆಯ ಬಣ್ಣ, ಅದರ ಮೇಲಿನ ಲೇಪ ತೆಳುವೋ ದಪ್ಪವೋ, ಬಿಳಿಯೋ ಹಳದಿಯೋ ಎಂದು ನೋಡಿಯೇ ಚೀನೀ ವೈದ್ಯರು ಅರ್ಧ ತೀರ್ಮಾನಕ್ಕೆ ಬರುತ್ತಾರೆ. ಹೆರೆದ ನಾಲಿಗೆಯಲ್ಲಿ ಲೇಪವೇ ಇರುವುದಿಲ್ಲ. ಫಿಲ್ಟರ್ ಕಾಫಿ ಕುಡಿದು ಹೋದರೆ ಕಂದು ಬಣ್ಣ ಹತ್ತಿರುತ್ತದೆ. ಎರಡೂ ವೈದ್ಯರ ದಾರಿ ತಪ್ಪಿಸುತ್ತವೆ. ನಾಡಿಯನ್ನು ನಮ್ಮಲ್ಲಿಯಂತೆಯೇ ಮೂರು ಬೆರಳಿಟ್ಟು ನೋಡುತ್ತಾರೆ. ಆದರೆ ಗಂಡಸರಿಗೆ ಬಲಗೈ, ಹೆಂಗಸರಿಗೆ ಎಡಗೈ ಎಂಬ ಕಟ್ಟಳೆ ಇಲ್ಲ. ಎರಡೂ ಕೈ ನೋಡುತ್ತಾರೆ, ಒಮ್ಮೆ ಹಗುರಾಗಿ, ಒಮ್ಮೆ ಒತ್ತಿ. ಮೆಟ್ಟಿಲು ಹತ್ತಿ ಏದುಸಿರಲ್ಲಿ ಹೋಗಿ ಕೈ ಚಾಚಿದರೆ ನಾಡಿ ಸುಳ್ಳು ಹೇಳುತ್ತದೆ. ಹತ್ತು ನಿಮಿಷ ಕೂತು ಸುಧಾರಿಸಿಕೊಳ್ಳಿ.

ಶೀತದ ಆರಂಭದಲ್ಲಿ ಚಳಿ, ಸಣ್ಣ ಬೆವರು ಇದ್ದವರಿಗೆ ಕೊಡುವ ಒಂದು ಹಳೆಯ ಮದ್ದಿನ ಚೀಟಿ ಹೀಗಿರುತ್ತದೆ: ದಾಲ್ಚಿನ್ನಿಯ ಎಳೆ ಕಡ್ಡಿ 9 ಗ್ರಾಂ, ಪಿಯೋನಿ ಹೂಗಿಡದ ಬಿಳಿ ಬೇರು 9, ಹಸಿಶುಂಠಿ 9, ಹುರಿದ ಜ್ಯೇಷ್ಠಮಧು 6, ಬೋರೆ ಜಾತಿಯ ಒಣ ಕೆಂಪು ಹಣ್ಣು ಮಾತ್ರ ಎಣಿಕೆಯಲ್ಲಿ ಮೂರು. ಸುಮಾರು 1800 ವರ್ಷ ಹಿಂದೆ ಜಾಂಗ್ ಜೋಂಗ್‌ಜಿಂಗ್ ಎಂಬ ವೈದ್ಯ ಬರೆದಿಟ್ಟದ್ದು. ಕುಡಿದ ಮೇಲೆ ಏನು ಮಾಡಬೇಕೆಂದೂ ಅವನು ಬರೆದಿದ್ದಾನೆ: ಬಿಸಿ ತಿಳಿಗಂಜಿ ಕುಡಿ, ಹೊದ್ದು ಮಲಗು, ಮೈ ಸಣ್ಣಗೆ ಬೆವರಿ ಹಗುರಾದರೆ ಉಳಿದ ಮದ್ದು ಬೇಡ. ನಮ್ಮ ಅಜ್ಜಿಯರೂ ಹೇಳಿದ್ದು ಇದನ್ನೇ. ಬರೆದಿಡಲಿಲ್ಲ, ಅಷ್ಟೇ. ಆ ಅಜ್ಜಿ ಹೋದ ಮನೆಯಲ್ಲಿ ಈಗ ಕಷಾಯದ ಪುಡಿ ಅಂಗಡಿಯಿಂದ ಬರುತ್ತದೆ.

ಚೀಟಿ ಬರಹದಲ್ಲಿದ್ದರೆ ಇನ್ನೊಬ್ಬರ ಕಣ್ಣು ಅದರ ಮೇಲೆ ಬೀಳುತ್ತದೆ. ಅಕ್ಕಸಾಲಿಗರ ತಕ್ಕಡಿಯಷ್ಟೇ ಪುಟ್ಟ ಕೈತಕ್ಕಡಿ ಹಿಡಿದು ಮದ್ದು ತೂಗುವವನಿಗೆ ಯಾವುದರ ಜೊತೆ ಯಾವುದು ಕೂಡದು ಎಂಬ ಪಟ್ಟಿ ಬಾಯಿಪಾಠ. ಅನುಮಾನ ಬಂದರೆ ವೈದ್ಯರನ್ನು ಕೇಳದೆ ಕಟ್ಟುವುದಿಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರ ಚೀಟಿಯಲ್ಲಿ ಡಾನ್‌ಶೆನ್ ಅಥವಾ ಡಾಂಗ್‌ಗುಯಿ ಎಂಬ ಬೇರು ಇದ್ದರೆ ರಕ್ತಸ್ರಾವದ ಅಪಾಯ. ಬಿಪಿ ಇದ್ದವರಿಗೆ ಜ್ಯೇಷ್ಠಮಧು ಹೆಚ್ಚು ದಿನ ಆಗದು. ಊರಿನ ಡಾಕ್ಟರಿಗೆ ಆ ಚೀಟಿಯ ಫೋಟೊ ಕಳಿಸಿ ಕೇಳಬಹುದು. ಹೆಸರಿಲ್ಲದ ಪೊಟ್ಟಣದ ಫೋಟೊ ಕಳಿಸಿ ಏನು ಕೇಳುವುದು?

ಕುದಿಸುವ ಕ್ರಮಕ್ಕೂ ಲೆಕ್ಕವಿದೆ. ಮಣ್ಣಿನ ಅಥವಾ ಗಾಜಿನ ಪಾತ್ರೆ. ಕಬ್ಬಿಣ, ಅಲ್ಯೂಮಿನಿಯಂ ಬೇಡ. ಒಂದು ದಿನದ ಮದ್ದನ್ನು ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಬೇಕು, ನೀರು ಮದ್ದಿನ ಮೇಲೆ ಎರಡು ಬೆರಳು ನಿಲ್ಲಬೇಕು. ನೇರ ಬಿಸಿನೀರಿಗೆ ಹಾಕಿದರೆ ಬೇರಿನ ಹೊರಪದರ ಬಿಗಿದು ಒಳಗಿನ ಸಾರ ಬಿಡುವುದಿಲ್ಲ ಎನ್ನುತ್ತಾರೆ. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 20ರಿಂದ 30 ನಿಮಿಷ. ಸೋಸಿ, ಕಡಿಮೆ ನೀರು ಹಾಕಿ ಮತ್ತೊಮ್ಮೆ ಕುದಿಸಿ, ಎರಡನ್ನೂ ಬೆರೆಸಿ ಬೆಳಗ್ಗೆ ಸಂಜೆಗೆ ಪಾಲು ಮಾಡುವುದು. ಸಿಂಪಿಚಿಪ್ಪಿನಂಥ ಗಟ್ಟಿ ವಸ್ತು ಇದ್ದರೆ 20 ನಿಮಿಷ ಮುಂಚೆಯೇ ಹಾಕಬೇಕು. ಪುದೀನ ಜಾತಿಯ ಎಲೆ ಕೊನೆಯ ಐದು ನಿಮಿಷಕ್ಕೆ, ಇಲ್ಲವಾದರೆ ಘಮವೆಲ್ಲ ಆವಿ. ಸಣ್ಣ ಬೀಜಗಳನ್ನು ಬಟ್ಟೆಯಲ್ಲಿ ಕಟ್ಟಿ ಹಾಕದಿದ್ದರೆ ಲೋಳೆಯಾಗಿ ತಳ ಹಿಡಿಯುತ್ತದೆ. ತಳ ಹಿಡಿದದ್ದನ್ನು ನೀರು ಬೆರೆಸಿ ಕುಡಿಯಬಾರದು, ಚೆಲ್ಲಬೇಕು. ಚೀಟಿಯಲ್ಲಿ ಫುಜಿ ಇದ್ದರೆ ಅದು ವತ್ಸನಾಭಿಯ ಜಾತಿ. ಅದೊಂದನ್ನೇ ಮೊದಲು ಅರ್ಧದಿಂದ ಒಂದು ಗಂಟೆ ಕುದಿಸಿದರೆ ಮಾತ್ರ ವಿಷ ಇಳಿಯುತ್ತದೆ. ಕುಡಿದ ಮೇಲೆ ತುಟಿ, ನಾಲಿಗೆ ಜುಮ್ಮೆಂದರೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಹೋಟೆಲ್ ಕೋಣೆಯ ಕೆಟಲಿನಲ್ಲಿ ಇದು ಆಗುವ ಕೆಲಸವಲ್ಲ. ಕೆಲವು ಅಂಗಡಿಯವರು ಕುದಿಸಿ ಪ್ಯಾಕೆಟ್ ಮಾಡಿಕೊಡುತ್ತಾರೆ. ಬಿಸಿನೀರಲ್ಲಿ ಕರಗುವ ಹರಳುಪುಡಿಯೂ ಸಿಗುತ್ತದೆ. ಸಸ್ಯಾಹಾರಿಗಳು ಮಾತ್ರ ಬರೆಯುವ ಮುಂಚೆಯೇ ಹೇಳಿಬಿಡಬೇಕು. ಜೀರುಂಡೆಯ ಪೊರೆ, ಎರೆಹುಳು, ಕತ್ತೆಯ ಚರ್ಮದಿಂದ ತೆಗೆದ ಅಂಟು ಇವೆಲ್ಲ ಅಲ್ಲಿ ಸಾಧಾರಣ ಮದ್ದುಗಳು. ವೈದ್ಯರ ಹೆಸರು ಸರ್ಕಾರಿ ನೋಂದಣಿಯಲ್ಲಿದೆಯೇ ಎಂದೂ ನೋಡಬಹುದು. 2000ದ ಕಾಯ್ದೆಯಿಂದ ಅದು ಕಡ್ಡಾಯ. 1867ರಲ್ಲಿ ಶುರುವಾದ ಥೋಂಗ್ ಚಾಯ್ ಸಂಸ್ಥೆ ಜನಾಂಗ ನೋಡದೆ ಬಡವರಿಗೆ ಉಚಿತ ಚಿಕಿತ್ಸೆ ಕೊಡುತ್ತ ಬಂದಿದೆ.

ಬರೆದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ ಎಂಬುದನ್ನೂ ಹೇಳಲೇಬೇಕು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ಮೈ ಇಳಿಸುವ ಮದ್ದಿನಲ್ಲಿ ಫಾಂಗ್‌ಜಿ ಬದಲು ಗುವಾಂಗ್ ಫಾಂಗ್‌ಜಿ ಸೇರಿಹೋಗಿ ಎಷ್ಟೋ ಹೆಂಗಸರ ಕಿಡ್ನಿ ಹಾಳಾಯಿತು. ಹೆಸರು ಹತ್ತಿರ, ಗಿಡ ಬೇರೆ. ನಮ್ಮಲ್ಲೂ ಒಂದೆಲಗಕ್ಕೂ ನೀರುಬ್ರಾಹ್ಮಿಗೂ ಬ್ರಾಹ್ಮಿ ಎಂದೇ ಹೆಸರು. ಗುಟ್ಟು ಚೀನೀಯರಿಗೂ ಇದೆ. ಯುನ್ನಾನ್ ಬೈಯಾವ್ ಮದ್ದಿನ ಪಾಕ ಅವರ ದೇಶದ ರಹಸ್ಯ. ಕಾಮಾಲೆ ಮದ್ದಿನ ಮನೆಯವರು ಗುಟ್ಟು ಕಾಯ್ದರೂ ಎಷ್ಟೋ ಕಡೆ ಅದಕ್ಕೆ ಕಾಸು ಮುಟ್ಟಿದವರಲ್ಲ. ಅದನ್ನು ಮರೆತು ಮಾತಾಡುವುದು ನ್ಯಾಯವಲ್ಲ.

ಚೀಟಿ ಹಿಡಿದು ಹೋಗುವ ಅಂಗಡಿ ನಮ್ಮಲ್ಲೂ ಒಂದಿದೆ, ಗ್ರಂಥಿಗೆ ಅಂಗಡಿ. ಮಗಳ ಬಾಣಂತನಕ್ಕೆ ಅಮ್ಮಂದಿರು ಒಯ್ಯುವ ಪಟ್ಟಿಯಲ್ಲಿ ಹಿಪ್ಪಲಿ, ಹಿಪ್ಪಲಿ ಬೇರು, ಒಣಶುಂಠಿ, ಮೆಣಸು, ಓಂಕಾಳು ಎಲ್ಲಕ್ಕೂ ತೂಕ ಬರೆದಿರುತ್ತದೆ. ಹಳೆಯ ಗ್ರಂಥಿಗೆಯವರಾದರೆ ಅದನ್ನು ಪೂರ್ತಿ ಓದಿ, "ಹಿಪ್ಪಲಿ ಇಷ್ಟು ಬೇಡ ಕಣಮ್ಮಾ, ಉಷ್ಣ ಆಗ್ತದೆ" ಎಂದು ತಿದ್ದಿಯೇ ತೂಗುತ್ತಾರೆ.