ವೇಪ್ ಮಾಡ್ತೀಯಾ ಅಂತ ನಮ್ಮಲ್ಲಿ ಯಾರೂ ಕೇಳಲ್ಲ

ನಾನಿರೋ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಹಾಲು ಬ್ರೆಡ್ ಮಾರೋ ಅಂಗಡೀಲೇ ವೇಪ್, ಅಂದ್ರೆ ಬ್ಯಾಟರಿಲಿ ಓಡೋ ಇ-ಸಿಗರೇಟ್, ಸಾಲಾಗಿ ಇಟ್ಟಿರ್ತಾರೆ. 2025ರ ಜೂನ್ 1ರಿಂದ ಒಂದ್ಸಲ ಬಳಸಿ ಬಿಸಾಕೋದು ಬ್ಯಾನ್ ಆಯ್ತು, ಆದ್ರೆ ರೀಚಾರ್ಜ್ ಮಾಡೋದು 18 ತುಂಬಿದ ಯಾರಿಗಾದ್ರೂ ಸಿಗುತ್ತೆ, ಸಿಗರೇಟ್ ಬಿಡೋರಿಗೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನೋರೇ ಇದನ್ನ ಹೇಳ್ತಾರೆ. ನಮ್ ಕರ್ನಾಟಕದಲ್ಲಿ 2016ರಲ್ಲೇ ನಿಷೇಧ, 2019ರಲ್ಲಿ ಇಡೀ ದೇಶಕ್ಕೆ. ಆದ್ರೂ ಬೆಂಗ್ಳೂರಿಗೆ ಬಂದಾಗೆಲ್ಲ ಕಾಲೇಜ್ ಹುಡುಗ್ರ ಕೈಲಿ ನೋಡ್ತೀನಿ.

ಯಾವ ಕಾನೂನು ಸರಿ ಅನ್ನೋ ವಾದ ಬಿಡಿ. ನಾನಿಲ್ಲಿ ಜಿಪಿ, ಅಂದ್ರೆ ಫ್ಯಾಮಿಲಿ ಡಾಕ್ಟರ್ ಹತ್ರ ಹೆಸರು ಬರೆಸಿದಾಗ ಫಾರ್ಮಲ್ಲಿ ಸಿಗರೇಟ್ ಬಗ್ಗೆ ಒಂದು ಪ್ರಶ್ನೆ, ವೇಪ್ ಬಗ್ಗೆ ಇನ್ನೊಂದು ಪ್ರಶ್ನೆ ಇತ್ತು. ನಮ್ಮಲ್ಲಿ ಆ ಎರಡನೇದನ್ನ ಕೇಳೋರಿಲ್ಲ.

ನಮ್ಮಕ್ಕನ ಮಗಂಗೆ ತುಟಿ ಸುತ್ತ ಕೆಂಪಗಾಗಿ ಸಿಪ್ಪೆ ಏಳ್ತಿತ್ತು. ಮೆಡಿಕಲ್ ಶಾಪಲ್ಲಿ ಕೊಟ್ಟ ಸ್ಟೀರಾಯ್ಡ್ ಕ್ರೀಮ್ ಹಚ್ಚಿದ್ರೆ ಕಮ್ಮಿ, ಬಿಟ್ರೆ ಮತ್ತೆ ಶುರು, ಅಕ್ಕ ಬೋರ್‌ವೆಲ್ ನೀರಿಂದ ಅಂತಿದ್ಲು, ಡಾಕ್ಟರ್ ಸಿಗರೇಟ್ ಸೇದ್ತೀಯಾ ಅಂದ್ರೆ ಇವ್ನು ಇಲ್ಲ ಅಂದ, ಅದು ನಿಜಾನೇ, ಇವ್ನು ಸೇದ್ತಿದ್ದಿದ್ದು ವೇಪ್. ವೇಪ್ ವಿಷ್ಯ ಯಾಕೆ ಹೇಳ್ಲಿಲ್ಲ ಅಂದ್ರೆ "ಬ್ಯಾನ್ ಆಗಿರೋದಲ್ವಾ ಮಾಮ, ಹೇಳಿದ್ರೆ ಕೇಸ್ ಆಗಲ್ವಾ?" ಅಂತಾನೆ. ಆ ಕಾನೂನಲ್ಲಿ ಶಿಕ್ಷೆ ಇರೋದು ತಯಾರಿಸೋರಿಗೆ, ಮಾರೋರಿಗೆ, ತರಿಸೋರಿಗೆ, ಸ್ಟಾಕ್ ಇಡೋರಿಗೆ, ಸೇದಿದ್ದಕ್ಕೆ ಅಂತ ಶಿಕ್ಷೆ ಬರೆದಿಲ್ಲ. ಡಾಕ್ಟರೇನು ಪೊಲೀಸಾ!

ವೇಪ್ ಲಿಕ್ವಿಡ್‌ನಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಅಂತ ಇರುತ್ತೆ, ಕೆಲವರ ಚರ್ಮಕ್ಕೆ ಅದು ಆಗಲ್ಲ, ಅಲರ್ಜಿ ಆಗುತ್ತೆ. ಎಷ್ಟೋ ಸ್ಟೀರಾಯ್ಡ್ ಕ್ರೀಮಲ್ಲೂ ಅದೇ ಇರುತ್ತೆ, ಅಂದ್ರೆ ಅಲರ್ಜಿ ತಂದಿದ್ದನ್ನೇ ಮತ್ತೆ ಮುಖಕ್ಕೆ ಬಳಿದಂಗೆ. ಚಕ್ಕೆ ಫ್ಲೇವರ್‌ನಿಂದಾನೂ ಅಲರ್ಜಿ ಆಗ್ಬಹುದು. ಅಗ್ಗದ ಓಲೆ, ಜೀನ್ಸ್ ಗುಂಡಿ ತಾಗಿದ್ರೆ ತುರಿಕೆ ಬರೋರಿಗೆ ವೇಪ್‌ನಲ್ಲಿರೋ ನಿಕ್ಕಲ್ ಲೋಹ ಕೂಡ ತೊಂದ್ರೆನೇ, ವೇಪ್ ಹಿಡಿಯೋ ಬೆರಳಲ್ಲೇ ಗುಳ್ಳೆ ಎದ್ದಿರೋ ಕೇಸ್‌ಗಳಿವೆ.

ಇದಕ್ಕಿಂತ ನಂಗೆ ಭಯ ನಿಕೋಟಿನ್ ಬಗ್ಗೆ. ಹೊಗೆ ಇಲ್ದಿದ್ರೇನು, ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನ ಬಿಗಿ ಮಾಡುತ್ತೆ, ರಕ್ತ ಸರಿಯಾಗಿ ಹೋಗ್ದಿದ್ರೆ ಗಾಯ ಬೇಗ ಮಾಯಲ್ಲ. ಅದಕ್ಕೇ ಆಪರೇಷನ್‌ಗೆ ವಾರಗಟ್ಲೆ ಮುಂಚೆನೇ ನಿಲ್ಸಿ ಅಂತಾರೆ ಸರ್ಜನ್‌ಗಳು. ಬೆಂಗ್ಳೂರಲ್ಲಿ ಈಗ ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸ್ಕೊಳ್ಳೋ ಹುಡುಗ್ರು ಎಷ್ಟು ಜನ, ಅವ್ರಲ್ಲಿ ವೇಪ್ ಮುಚ್ಚಿಟ್ಟೋರು ಎಷ್ಟು ಜನಾನೋ.

ಅಪ್ಪ ಅಮ್ಮ ಪಕ್ಕ ಕೂತಿದ್ರೆ ಯಾವ ಹುಡುಗಾನೂ ಬಾಯಿ ಬಿಡಲ್ಲ, ಒಂದೈದು ನಿಮಿಷ ಡಾಕ್ಟರ್ ಹತ್ರ ಅವ್ನೊಬ್ನನ್ನೇ ಬಿಡಿ. ಬೆನ್ನಿಗೆ ಪಟ್ಟಿ ಅಂಟಿಸಿ, ಯಾವುದಕ್ಕೆ ಅಲರ್ಜಿ ಅಂತ ಎರಡು ದಿನ ಬಿಟ್ಟು ನೋಡೋ ಪ್ಯಾಚ್ ಟೆಸ್ಟ್ ನಮ್ಮಲ್ಲೂ ಚರ್ಮದ ಡಾಕ್ಟರ್‌ಗಳು ಮಾಡ್ತಾರೆ, ನಿಕ್ಕಲ್‌ಗೂ ಈ ಗ್ಲೈಕಾಲ್‌ಗೂ ಅದ್ರಲ್ಲಿ ಟೆಸ್ಟ್ ಇದೆ, ಆದ್ರೆ ವೇಪ್ ವಿಷ್ಯ ಗೊತ್ತಿದ್ರೆ ತಾನೇ ಅವ್ರು ಆ ಕಡೆ ಯೋಚ್ನೆ ಮಾಡೋದು.